ಲಕ್ಷದ್ವೀಪಕ್ಕೆ ಹೋಗುವ ಮುನ್ನ



ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಮಂಗಳೂರಿನ ಹಳೆ ಬಂದರಿಗೆ ಹೋದರೆ ಧಕ್ಕೆಗೆ ತಾಗಿ ನಿಂತ ಮರದ ಮಂಜಿಗಳು ಕಾಣುತ್ತವೆ. ಅವುಗಳಿಗೆ ಜಲ್ಲಿ ತುಂಬುತ್ತಿರುತ್ತಾರೆ. ಮರಳು, ಸಿಮೆಂಟು, ನೀರುಳ್ಳಿ, ಬಟಾಟೆ, ತರಕಾರಿ, ದಿನಸಿ ಎಲ್ಲವೂ ಏರುತ್ತದೆ. ಈ ಸರಕು ಹೊರಟಿರುವುದು ಪಡುವಣ ಕಡಲಿನ ನಡುವೆ ಇರುವ ಲಕ್ಷದ್ವೀಪಕ್ಕೆ. ತರಕಾರಿ, ದಿನಸಿ ಸರಿ, ಸುತ್ತಲೂ ಮರಳೇ ಇರುವ ದ್ವೀಪಕ್ಕೆ ಇಲ್ಲಿಂದ ಮರಳು ಕಳಿಸುವುದೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಕಾರಣವಿದೆ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕಲ್ಲುಕೋರೆಯಿಲ್ಲ. ಕಾಲಕೆಳಗಿನ ನೆಲವೆಲ್ಲ ಹವಳ ಮತ್ತು ಹವಳದ ಹುಡಿ. ದಂಡೆಯ ಮರಳನ್ನು ಬುಟ್ಟಿಯಲ್ಲಿ ತುಂಬಿ ಮನೆ ಕಟ್ಟಿದರೆ ಅಷ್ಟು ಊರು ಕಡಿಮೆಯಾಯಿತು ಎಂದೇ ಲೆಕ್ಕ.

ಈ ಸಂಗತಿ ಮನಸ್ಸಿನಲ್ಲಿ ಕೂತ ಮೇಲೆ ಲಕ್ಷದ್ವೀಪವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ನೀಲಿ ನೀರು, ಬಿಳಿ ದಂಡೆ, ಬಾಗಿದ ತೆಂಗಿನಮರದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಆ ಚೆಲುವು ನಿಜವಾದದ್ದೇ. ಆದರೆ ಆ ನೀರಿನ ಬಣ್ಣ, ದಂಡೆಯ ಬಿಳುಪು, ತೆಂಗಿನ ಬುಡದ ಮಣ್ಣು, ಬಾವಿಯ ನೀರು, ಅಲ್ಲಿಯವರ ಊಟದ ಮೀನು, ಇಷ್ಟೂ ನಿಂತಿರುವುದು ಸಾಸಿವೆಗಿಂತ ತುಸು ದೊಡ್ಡದಾದ ಒಂದು ಜೀವಿಯ ದುಡಿಮೆಯ ಮೇಲೆ. ಅದೇ ಹವಳದ ಹುಳು. ಅದರ ಬಗ್ಗೆ ತಿಳಿದುಕೊಳ್ಳದೆ ಲಕ್ಷದ್ವೀಪಕ್ಕೆ ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ. ಇವತ್ತಿನ ಮಾತೂ ಅದರ ಸುತ್ತಲೇ.

ಮೊದಲಿಗೆ ಸ್ವಲ್ಪ ಲೆಕ್ಕ. ಲಕ್ಷದ್ವೀಪ ದೇಶದ ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ. 36 ದ್ವೀಪಗಳೆಂದು ದಾಖಲೆಗಳು ಹೇಳುತ್ತವೆ. ಜನವಸತಿ ಇರುವುದು ಹತ್ತರಲ್ಲಿ: ಅಗತ್ತಿ, ಅಮಿನಿ, ಆಂದ್ರೋತ್, ಬಿತ್ರ, ಚೆತ್ಲತ್, ಕಡಮತ್, ಕಲ್ಪೇನಿ, ಕವರತ್ತಿ, ಕಿಲ್ತಾನ್, ಮಿನಿಕಾಯ್. ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64,473 ಮಂದಿ. ಅತಿ ದೊಡ್ಡದಾದ ಆಂದ್ರೋತ್ ಐದು ಚದರ ಕಿಲೋಮೀಟರಿಗೂ ಒಂದಿಷ್ಟು ಕಡಿಮೆ. ಬಿತ್ರದ ವಿಸ್ತಾರ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಪಾಲು, ಆ ಗಣತಿಯ ಕಾಲಕ್ಕೆ ಅಲ್ಲಿದ್ದವರು 271 ಜನ. ಇನ್ನು ಹವಳದ ದಿಬ್ಬಗಳ ಒಳಗೆ ನಿಂತಿರುವ ತಿಳಿನೀರಿನ ಲಗೂನುಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ನೆಲ ಅಂಗೈಯಗಲ, ನೀರು ನಾಡಿನಗಲ. ಮಂಗಳೂರಿನಿಂದ ಕಿಲ್ತಾನಿಗೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್, ನಾವು ಬಸ್ಸಿನಲ್ಲಿ ಮೈಸೂರಿಗೆ ಹೋಗುವಷ್ಟೇ ದೂರ.

ಈ ದ್ವೀಪಗಳು ಹುಟ್ಟಿದ ಕಥೆಗೆ ನಮ್ಮ ಉತ್ತರ ಕರ್ನಾಟಕದ ಜೊತೆ ಹಳೆಯ ನಂಟಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನ ಒಂದು ಬಿಸಿತಾಣದಿಂದ ಲಾವಾರಸ ಉಕ್ಕಿ ದಖನ್ನಿನ ಮೇಲೆಲ್ಲ ಹರಿಯಿತು. ವಿಜಯಪುರ, ಬೆಳಗಾವಿ ಕಡೆಯ ಕರಿಕಲ್ಲು ಮತ್ತು ಎರೆಮಣ್ಣು ಅದರಿಂದಲೇ ಬಂದವು. ನಮ್ಮ ಭೂಖಂಡ ಉತ್ತರಕ್ಕೆ ಸರಿಯುತ್ತ ಹೋಯಿತು, ಬಿಸಿತಾಣ ಕೆಳಗೆ ಹಾಗೆಯೇ ಉಳಿಯಿತು. ಖಂಡ ಸರಿದ ದಾರಿಯುದ್ದಕ್ಕೂ ಅದು ಕಡಲತಳದಲ್ಲಿ ಜ್ವಾಲಾಮುಖಿಗಳ ಸಾಲನ್ನು ಎಬ್ಬಿಸುತ್ತ ಬಂತು. ಆ ಸಾಲಿನ ಬಡಗಣ ತುದಿಯಲ್ಲಿ ಲಕ್ಷದ್ವೀಪವಿದೆ, ನಂತರ ಮಾಲ್ಡೀವ್ಸ್, ಆಮೇಲೆ ಚಾಗೋಸ್. ಆ ಬಿಸಿತಾಣ ಇವತ್ತು ರಿಯೂನಿಯನ್ ದ್ವೀಪದ ಅಡಿಯಲ್ಲಿದೆ, ಅಲ್ಲಿಯ ಜ್ವಾಲಾಮುಖಿ ಈಗಲೂ ಬೆಂಕಿ ಉಗುಳುತ್ತದೆ.

ಜ್ವಾಲಾಮುಖಿ ತಣಿದ ಮೇಲೆ ಕುಸಿಯತೊಡಗುತ್ತದೆ. ಅದರ ಅಂಚಿನ ಆಳವಿಲ್ಲದ ನೀರಿನಲ್ಲಿ ಹವಳ ಬೆಳೆಯತೊಡಗುತ್ತದೆ. ಬೆಟ್ಟ ಇಳಿದಷ್ಟೂ ಹವಳ ಬೆಳಕನ್ನು ಹುಡುಕಿ ಮೇಲೇರುತ್ತದೆ. ಕೊನೆಗೆ ಬೆಟ್ಟ ಪೂರ್ತಿ ಮುಳುಗಿ, ಅದರ ಸುತ್ತ ಬೆಳೆದ ಹವಳದ ಉಂಗುರವೊಂದೇ ನೀರಿನ ಮಟ್ಟದಲ್ಲಿ ಉಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದ ಪುಸ್ತಕದಲ್ಲಿ ಈ ವಿವರಣೆ ಕೊಟ್ಟ. ನೂರಹತ್ತು ವರ್ಷಗಳ ಬಳಿಕ ಪೆಸಿಫಿಕ್ಕಿನ ಎನೆವೆಟಕ್ ಎಂಬಲ್ಲಿ ಹವಳದೊಳಕ್ಕೆ ಕೊಳವೆ ಕೊರೆದಾಗ ಸಾವಿರ ಮೀಟರಿಗೂ ಹೆಚ್ಚು ಆಳದಲ್ಲಿ ಜ್ವಾಲಾಮುಖಿಯ ಕಲ್ಲು ಸಿಕ್ಕಿತು, ಡಾರ್ವಿನ್ ಹೇಳಿದ್ದು ಸರಿಯೆಂದು ಗೊತ್ತಾಯಿತು. ಅಲೆಗಳು ಹವಳವನ್ನು ಒಡೆದು, ಅರೆದು, ದಿಬ್ಬದ ಮೇಲೆ ಗುಡ್ಡೆ ಹಾಕುತ್ತವೆ. ಹೀಗೆ ಕೂಡಿದ ಮರಳೇ ದ್ವೀಪ. ಹಾಗಾಗಿಯೇ ಅಲ್ಲಿಯ ನೆಲ ಸಮುದ್ರಮಟ್ಟದಿಂದ ಒಂದೆರಡು ಮೀಟರಿಗಿಂತ ಹೆಚ್ಚು ಎತ್ತರ ಇರುವುದು ಅಪರೂಪ.

ಹೋಗುವ ದಾರಿ ಹೆಚ್ಚಿನವರಿಗೆ ಕೊಚ್ಚಿಯಿಂದ. ಹಡಗಿನಲ್ಲಿ ಯಾವ ದ್ವೀಪ ಎನ್ನುವುದನ್ನು ನೋಡಿಕೊಂಡು ಹದಿನಾಲ್ಕರಿಂದ ಹದಿನೆಂಟು ಗಂಟೆ. ಅಗತ್ತಿಯಲ್ಲಿ ಸಣ್ಣ ವಿಮಾನಗಳಿಳಿಯುವ ಓಡುಹಾದಿಯಿದೆ, 1988ರಿಂದ. ಅವಕಾಶವಿದ್ದರೆ ಹಡಗಿನಲ್ಲೇ ಹೋಗಿ ಎನ್ನುತ್ತೇನೆ. ರಾತ್ರಿಯಿಡೀ ನೆಲ ಕಾಣದೆ ಸಾಗಿ, ಬೆಳಿಗ್ಗೆ ಅಟ್ಟಕ್ಕೆ ಬಂದು ನಿಂತಾಗ, ಕಡುನೀಲಿಯ ನಡುವೆ ಮೊದಲು ಕಾಣುವುದು ದ್ವೀಪವಲ್ಲ, ತಿಳಿಹಸಿರು ನೀರಿನ ಒಂದು ಪಟ್ಟಿ. ಆಮೇಲೆ ಬಿಳಿ ನೊರೆಯ ಗೆರೆ. ಅದರ ಹಿಂದೆ ತೆಂಗಿನ ತಲೆಗಳು. ಲಗೂನಿನ ನೀರು ತೆಳು, ದೊಡ್ಡ ಹಡಗು ಒಳಗೆ ಬರಲಾರದು. ಅದು ಹೊರಗಡೆಯೇ ನಿಲ್ಲುತ್ತದೆ, ಊರಿನ ದೋಣಿಗಳು ಪಕ್ಕಕ್ಕೆ ಬರುತ್ತವೆ. ಅಲೆಗೆ ದೋಣಿ ಮೇಲೇಳುತ್ತದೆ, ಇಳಿಯುತ್ತದೆ. ಮೇಲೆದ್ದ ಆ ಒಂದು ಗಳಿಗೆಯಲ್ಲಿ ದೋಣಿಯವರು ನಮ್ಮ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತಾರೆ. ಹಣ್ಣು ಹಣ್ಣು ಮುದುಕಿಯರನ್ನೂ, ಎಳೆ ಕೂಸುಗಳನ್ನೂ, ಆಸ್ಪತ್ರೆಯಿಂದ ಮರಳುವ ರೋಗಿಗಳನ್ನೂ ಅವರು ಇಳಿಸಿಕೊಳ್ಳುವುದು ಹೀಗೆಯೇ. ನಮಗೆ ಅದೊಂದು ಪ್ರವಾಸದ ರೋಮಾಂಚನ. ಅವರಿಗೆ ಪೇಟೆಗೆ ಹೋಗಿ ಬರುವ ದಾರಿ.

ನಾನು ಹೆಚ್ಚು ಹೊತ್ತು ಕಳೆದದ್ದು ಕಡಮತ್‌ನಲ್ಲಿ. ಉದ್ದಕ್ಕೆ ಚಾಚಿಕೊಂಡ ಸಪೂರ ದ್ವೀಪ ಅದು. ಪಡುವಣಕ್ಕೆ ಲಗೂನು, ಮೂಡಣಕ್ಕೆ ಬಯಲು ಕಡಲು. ಲಗೂನಿನಲ್ಲಿ ಮುಖಗವಸು ಹಾಕಿ, ಉಸಿರುಕೊಳವೆ ಕಚ್ಚಿಕೊಂಡು ಮಕಾಡೆ ತೇಲಿದರೆ ಸಾಕು, ಬೇರೆ ಯಾವ ಸಾಹಸವೂ ಬೇಡ. ಕೊಂಬೆ ಕೊಂಬೆಯಾಗಿ ಬೆಳೆದ ಹವಳ, ಗುಂಡಾಗಿ ಕೂತ ಹವಳ, ಅಗಲಕ್ಕೆ ಹರಡಿದ ಹವಳ. ಕೊಂಬೆಗಳ ನಡುವೆ ನೂರಾರು ಎಳೆ ಮೀನು, ನೆರಳು ಬಿದ್ದರೆ ಎಲ್ಲವೂ ಒಟ್ಟಿಗೆ ಒಳಕ್ಕೆ, ನೆರಳು ಸರಿದರೆ ಒಟ್ಟಿಗೆ ಹೊರಕ್ಕೆ. ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ ತಿರುಗುತ್ತವೆ. ಕಡಲ ಸವತೆಗಳು ಅಲ್ಲಾಡದಂತೆ ಬಿದ್ದುಕೊಂಡು ಮರಳನ್ನು ನುಂಗಿ, ಅದರಲ್ಲಿರುವ ಕೊಳೆಯನ್ನು ಉಂಡು, ಶುದ್ಧ ಮರಳನ್ನು ಹೊರಹಾಕುತ್ತಿರುತ್ತವೆ. ಕಳ್ಳಸಾಗಣೆದಾರರ ಕಣ್ಣು ಈ ಬಡಪ್ರಾಣಿಯ ಮೇಲೆ ಬಿದ್ದದ್ದರಿಂದ 2020ರಲ್ಲಿ ಚೆರಿಯಪಾಣಿ ದಿಬ್ಬದ ಸುತ್ತಲಿನ ಕಡಲನ್ನು ಅದಕ್ಕಾಗಿಯೇ ಕಾಯ್ದಿರಿಸಬೇಕಾಯಿತು.

ನೀರಿನೊಳಗೆ ಕಿವಿಗೂ ಕೆಲಸವಿದೆ. ಸ್ವಲ್ಪ ಹೊತ್ತು ಸುಮ್ಮನೆ ತೇಲಿದರೆ ಕರ್ ಕರ್ ಎಂಬ ಸದ್ದು ಕೇಳತೊಡಗುತ್ತದೆ. ಗಿಳಿಮೀನು ಹವಳದ ಬಂಡೆಯನ್ನು ಕೊರೆಯುವ ಸದ್ದು ಅದು. ಹಸಿರು, ನೀಲಿ, ಗುಲಾಬಿ ಬಣ್ಣ ಮೈತುಂಬ. ಹಲ್ಲುಗಳು ಒಂದಕ್ಕೊಂದು ಬೆಸೆದು ಕೊಕ್ಕಿನ ಹಾಗಾಗಿವೆ. ಒಂದು ಮೀನು ನನ್ನಿಂದ ತೋಳಳತೆಯಲ್ಲಿ ಬಂಡೆಗೆ ಕೊಕ್ಕು ಹಾಕಿತು, ಕಚ್ಚಿದ ಜಾಗದಲ್ಲಿ ಬಿಳಿಯ ಎರಡು ಗೀರು ಉಳಿಯಿತು. ಅದು ತಿನ್ನುವುದು ಸತ್ತ ಹವಳದ ಮೇಲೆ ಬೆಳೆದ ಪಾಚಿಯನ್ನು. ಪಾಚಿಯ ಜೊತೆಗೆ ಬಂದ ಸುಣ್ಣದ ಕಲ್ಲನ್ನು ಗಂಟಲಿನ ಹಲ್ಲುಗಳಲ್ಲಿ ಅರೆದು, ಕೆಲವು ಮಾರು ದೂರ ಹೋಗಿ ಹಿಂದಿನಿಂದ ಬಿಳಿ ಮರಳಾಗಿ ಬಿಟ್ಟಿತು. ಮರಳು ಮೆಲ್ಲಗೆ ತಳಕ್ಕೆ ಇಳಿಯಿತು. ಪಕ್ಕದ ಮಾಲ್ಡೀವ್ಸಿನ ವಕ್ಕಾರು ಎಂಬ ದ್ವೀಪದ ಸುತ್ತ ಅಳೆದು ನೋಡಿದ ವಿಜ್ಞಾನಿಗಳು, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಗಿಳಿಮೀನುಗಳದೇ ದುಡಿಮೆ ಎಂದು 2015ರಲ್ಲಿ ಬರೆದರು. ನಾವು ಬರಿಗಾಲಲ್ಲಿ ನಡೆದು ಸುಖಪಡುವ ಬೆಳ್ಳನೆಯ ದಂಡೆಯ ಎಷ್ಟೋ ಮರಳು ಹೀಗೆ ಮೀನಿನ ಹೊಟ್ಟೆಯಿಂದ ಬಂದದ್ದು. ಪಾಚಿಯನ್ನು ತಿಂದು ತಿಂದು ಎಳೆ ಹವಳಕ್ಕೆ ಜಾಗ ಮಾಡಿಕೊಡುವುದೂ ಇದೇ ಮೀನು. ಗಿಳಿಮೀನನ್ನು ಹಿಡಿದು ತಟ್ಟೆಗೆ ಹಾಕಿಕೊಳ್ಳಬಾರದು ಎಂದು ನಾನು ತಿಳಿದವರಿಗೆಲ್ಲ ಹೇಳುವುದು ಈ ಕಾರಣಕ್ಕೆ.

ಕಡಲು ಅಷ್ಟು ಹತ್ತಿರವಿದ್ದೂ ಬಾವಿಯಲ್ಲಿ ಸಿಹಿನೀರು ಸಿಗುತ್ತದೆ. ಸುರಿದ ಮಳೆ ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಹಾಲಿನ ಕೆನೆಯ ಹಾಗೆ ತೇಲಿಕೊಂಡಿರುತ್ತದೆ. ಮಿತವಾಗಿ ಸೇದಿದರೆ ವರ್ಷವಿಡೀ ಬರುತ್ತದೆ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೇಳುತ್ತದೆ, ಒಮ್ಮೆ ಕೆಟ್ಟ ಬಾವಿ ಬೇಗ ಸರಿಹೋಗುವುದಿಲ್ಲ. 2005ರಲ್ಲಿ ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತಯಾರಿಸುವ ಸ್ಥಾವರ ಕಟ್ಟಿತು. ಮೇಲ್ಮೈಯ ಬೆಚ್ಚಗಿನ ಕಡಲ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಜಾಣ ಉಪಾಯ. ಬೇರೆ ದ್ವೀಪಗಳಿಗೂ ಅದು ಹಬ್ಬಿದೆ. ಆದರೂ ಅಲ್ಲಿ ಒಂದು ಕೊಡ ನೀರಿಗಿರುವ ಬೆಲೆ ನಮ್ಮಂಥ ಮಳೆನಾಡಿನವರಿಗೆ ತಟ್ಟನೆ ಹೊಳೆಯುವುದಿಲ್ಲ.

ಸಂಜೆ ದಂಡೆಯಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಪರಿಚಯವಾದರು. ಅವರದು ಜೆಸೆರಿ, ಮಲಯಾಳದ ದ್ವೀಪದ ರೂಪ. ನನ್ನದು ಬ್ಯಾರಿ ಗೆಳೆಯರಿಂದ ಕಲಿತ ಮುರುಕು ಮಾತು. ಮಂಗಳೂರು ಎಂದ ಕೂಡಲೇ ಅವರ ಮುಖ ಅರಳಿತು.

“ಬಂದರಿನ ಪೈಕಿಯವರಾ?”

“ಅಲ್ಲಿಂದ ಸ್ವಲ್ಪ ಆಚೆ, ಕಾಕಾ.”

“ನಮ್ಮ ಬಾಪ ಓಡದಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಇಲ್ಲಿಂದ ಹುರಿ, ಬೆಲ್ಲ, ತೆಂಗಿನಕಾಯಿ. ಅಲ್ಲಿಂದ ಅಕ್ಕಿ. ನಾವು ಮಂಗಳೂರಿನ ಅಕ್ಕಿ ಉಂಡು ಬೆಳೆದವರು.”

ಓಡವೆಂದರೆ ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ ಹಾಯಿದೋಣಿ. ಅವರ ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ, ಅದನ್ನು ನಾವು ಕನ್ನಡಿಗರು ಮರೆತೇಬಿಟ್ಟಿದ್ದೇವೆ. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದಾಗ ಅಲ್ಲಿಯ ಕಾರ್ಯಕಾರಿಗಳ ಕಿರುಕುಳ ತಾಳಲಾರದೆ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು ಮೊರೆಯಿಟ್ಟರು. ಮುಂದೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. ಅಮಿನಿದೀವಿ ಎಂದು ಅವಕ್ಕೆ ಹೆಸರು. ಮಂಗಳೂರಿನ ಕಲೆಕ್ಟರರ ಪರವಾಗಿ ಮೊನೆಗಾರ ಎಂಬ ಅಧಿಕಾರಿ ಅಮಿನಿಯಲ್ಲಿ ಕೂತು ನ್ಯಾಯ, ಕಂದಾಯ ನೋಡಿಕೊಳ್ಳುತ್ತಿದ್ದ. ದ್ವೀಪದವರು ಹೊಸೆದ ಹುರಿಯನ್ನು ಸರಕಾರ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಒಂದಾದ ಅದೇ ದಿನ, ಆ ಐದು ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕಚೇರಿಯ ಕೆಳಗಿದ್ದ ನೆರೆಯವರು ಅವರು. ನಮ್ಮ ಶಾಲೆಯ ಪಾಠದಲ್ಲಿ ಇದಕ್ಕೆ ಒಂದು ಸಾಲಿನ ಜಾಗವಾದರೂ ಇರಬೇಕಿತ್ತು.

ದ್ವೀಪದ ಜನ ಬಹುತೇಕ ಮುಸ್ಲಿಮರು, ಹಾಗಿದ್ದೂ ಮನೆತನದ ಆಸ್ತಿ ಹರಿದು ಬಂದಿರುವುದು ತಾಯಿಯ ಕಡೆಯಿಂದ. ನಮ್ಮ ಅಳಿಯಕಟ್ಟು ಬಲ್ಲವರಿಗೆ ಇದು ಅಪರಿಚಿತವೆನಿಸದು. ಹಿತ್ತಿಲಲ್ಲಿ ಜೀಗುಜ್ಜೆ ಮರ ಕಂಡು ನನಗೆ ಊರಿನಲ್ಲೇ ಇದ್ದೇನೆ ಅನ್ನಿಸಿತು. ಅದು ಅಲ್ಲಿಯ ಅಧಿಕೃತ ಮರವೂ ಹೌದು. ತೆಂಕಣ ತುದಿಯ ಮಿನಿಕಾಯ್ ಮಾತ್ರ ಬೇರೆಯದೇ ಲೋಕ. ಅಲ್ಲಿ ಆಡುವ ಮಹಲ್ ಭಾಷೆ ಮಾಲ್ಡೀವ್ಸಿನದು, ಬರೆಯುವುದು ಬಲದಿಂದ ಎಡಕ್ಕೆ. 1885ರ ದೀಪಸ್ತಂಭ ಇಂದಿಗೂ ನಿಂತಿದೆ. ಅಲ್ಲಿಯ ಗಂಡಸರು ಲೋಕದ ಹಡಗುಗಳಲ್ಲೆಲ್ಲ ದುಡಿಯುತ್ತಾರೆ.

ಮಿನಿಕಾಯಿಯ ಮೀನುಗಾರಿಕೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಟ್ಯೂನಾ ಮೀನನ್ನು ಅವರು ಹಿಡಿಯುವುದು ಕೋಲು ಮತ್ತು ಗಾಳದಿಂದ, ಒಂದೊಂದಾಗಿ. ಬೆಳಿಗ್ಗೆ ಲಗೂನಿನಲ್ಲಿ ಕಿರುಬೆರಳಿನಷ್ಟು ಸಣ್ಣ ಮೀನುಗಳನ್ನು ಬಲೆಯೆತ್ತಿ ಜೀವಂತ ಹಿಡಿದು, ಕಡಲ ನೀರು ಬಂದು ಹೋಗುವ ತೊಟ್ಟಿಯಲ್ಲಿ ಬಿಟ್ಟುಕೊಳ್ಳುತ್ತಾರೆ. ಹೊರಗಡಲಿಗೆ ಹೋಗಿ ಹಕ್ಕಿಗಳು ಎಲ್ಲಿ ಮುಗಿಬಿದ್ದಿವೆ ಎಂದು ನೋಡುತ್ತಾರೆ. ಅಲ್ಲಿ ಟ್ಯೂನಾ ಹಿಂಡಿದೆ ಎಂದೇ ಅರ್ಥ. ಒಬ್ಬ ಎಳೆಮೀನನ್ನು ಬೊಗಸೆಯಲ್ಲಿ ಎರಚುತ್ತಾನೆ. ದೋಣಿಯ ಹಿಂಭಾಗದಿಂದ ನೀರು ಚಿಮುಕಿಸುತ್ತಾರೆ. ನೀರು ಕುದಿಯುವಂತೆ ಕಂಡು ದೊಡ್ಡ ಮೀನು ಹುಚ್ಚೆದ್ದು ಬರುತ್ತದೆ. ಸಾಲಾಗಿ ನಿಂತವರು ಕೋಲು ಇಳಿಸುತ್ತಾರೆ, ಎತ್ತುತ್ತಾರೆ. ಗಾಳಕ್ಕೆ ಹಿಮ್ಮುಳ್ಳಿಲ್ಲ, ಹಾಗಾಗಿ ಮೀನು ತಲೆಯ ಮೇಲಿಂದ ಹಾರಿಬಂದು ತಾನಾಗಿ ಕಳಚಿ ಅಟ್ಟದ ಮೇಲೆ ಧೊಪ್ಪನೆ ಬೀಳುತ್ತದೆ. ಹಿಂಡು ನಿಂತಷ್ಟು ಹೊತ್ತು ಯಾರಿಗೂ ಮಾತಿಗೆ ಬಿಡುವಿಲ್ಲ. ಬೇಡದ ಮೀನು, ಆಮೆ ಇದರಲ್ಲಿ ಸಾಯುವುದು ತೀರ ಕಡಿಮೆ. 1960ರ ದಶಕದಲ್ಲಿ ಮೀನುಗಾರಿಕಾ ಇಲಾಖೆ ಈ ವಿಧಾನವನ್ನು ಉಳಿದ ದ್ವೀಪಗಳಿಗೂ ಹಬ್ಬಿಸಿತು. ಸಿಕ್ಕ ಮೀನಿನ ಎಲುಬು ತೆಗೆದು, ಕಡಲ ನೀರಿನಲ್ಲೇ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ಮಾಸ್ ಸಿದ್ಧ. ಕಟ್ಟಿಗೆಯಷ್ಟು ಗಟ್ಟಿಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ತೆಂಗಿನತುರಿಯ ಜೊತೆ ಜಜ್ಜಿ ಅನ್ನಕ್ಕೆ ಕಲಸಿದರೆ ಬೇರೆ ಪದಾರ್ಥ ಬೇಕಿಲ್ಲ.

ಇಲ್ಲಿ ಒಂದು ಕೊಂಡಿ ಗಮನಿಸಬೇಕು. ಟ್ಯೂನಾ ಬರುವುದು ಹೊರಗಡಲಿಂದ, ಆದರೆ ಅದನ್ನು ಕರೆಯುವ ಎಳೆಮೀನು ಬೆಳೆಯುವುದು ಲಗೂನಿನಲ್ಲಿ, ಅದರಲ್ಲಿ ಹಲವು ಜಾತಿಗಳು ಹವಳದ ಕೊಂಬೆಗಳ ಆಸರೆಯಲ್ಲಿ. ಹವಳ ಸತ್ತರೆ ಹೊರಗಡಲಿನ ಬೇಟೆಗೂ ಏಟು.

ಎಲ್ಲವೂ ಹೊಂದಿಕೊಂಡೇ ಇದೆ ಎಂದು ಹೇಳಿ ನಿಮ್ಮನ್ನು ನಂಬಿಸಲಾರೆ. ಹಸಿರು ಕಡಲಾಮೆಗಳ ಉದಾಹರಣೆ ನೋಡಿ. ಹಿಂದೆ ದೋಣಿಗೆ ಬಳಿಯುವ ಎಣ್ಣೆಗಾಗಿ ಅವುಗಳನ್ನು ಕೊಲ್ಲುತ್ತಿದ್ದರು. ವನ್ಯಜೀವಿ ಕಾನೂನು ಬಂದ ಮೇಲೆ ಅದು ನಿಂತಿತು, ಆಮೆಗಳು ಹೆಚ್ಚಿದವು. ಅಗತ್ತಿಯ ಲಗೂನಿನಲ್ಲಿ ಎಷ್ಟು ಸೇರಿದವೆಂದರೆ ಅಲ್ಲಿಯ ಕಡಲಹುಲ್ಲಿನ ಬಯಲನ್ನು ಬುಡಮಟ್ಟ ಮೇಯ್ದುಬಿಟ್ಟವು. ಹುಲ್ಲಿನಲ್ಲಿ ಮರಿಮಾಡುತ್ತಿದ್ದ ಮೀನು ಕಡಿಮೆಯಾಯಿತು. ಮೀನುಗಾರರು ಆಮೆಯನ್ನು ದೂರಿದರು. ಸಂಶೋಧಕರು ಅಳೆದು ನೋಡಿದಾಗ ಅವರ ದೂರಿನಲ್ಲಿ ಹುರುಳಿತ್ತು. ಹುಲ್ಲು ಮುಗಿದ ಮೇಲೆ ಆಮೆಗಳು ಕಡಮತ್, ಕವರತ್ತಿ ಕಡೆಗೆ ಸರಿದವು. ಆಮೆಯನ್ನು ತಿನ್ನುವ ದೊಡ್ಡ ಶಾರ್ಕುಗಳನ್ನು ಕಡಲೆಲ್ಲೆಡೆ ಮನುಷ್ಯ ಖಾಲಿ ಮಾಡಿರುವಾಗ ಆಮೆಯೊಂದನ್ನೇ ಹಳಿದು ಪ್ರಯೋಜನವಿಲ್ಲ. ಮೀನುಗಾರನ ನಷ್ಟವನ್ನು ಕೇಳಿಸಿಕೊಳ್ಳದೆ ಆಮೆಯನ್ನು ಉಳಿಸುತ್ತೇವೆ ಎನ್ನುವುದೂ ಸಲ್ಲದು.

ಈಗ ನೋವಿನ ವಿಷಯಕ್ಕೆ ಬರುತ್ತೇನೆ. ಹವಳದ ಹುಳುವಿನ ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಹುಳುವಿಗೆ ಉಣಿಸುವುದು ಅದೇ, ಹವಳಕ್ಕೆ ಬಣ್ಣ ಕೊಡುವುದೂ ಅದೇ. ಬೇಸಿಗೆಯ ರೂಢಿಯ ಬಿಸಿಗಿಂತ ಒಂದು ಡಿಗ್ರಿ ಹೆಚ್ಚಾಗಿ, ಆ ಬಿಸಿ ಕೆಲವು ವಾರ ನಿಂತರೆ, ಹುಳು ಕಂಗೆಟ್ಟು ಪಾಚಿಯನ್ನು ಹೊರದೂಡುತ್ತದೆ. ಹವಳ ಬೆಳ್ಳಗಾಗುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರಬಹುದು. ತಣಿಯದಿದ್ದರೆ ಹವಳ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2023ರ ಕೊನೆಯಿಂದ ಕಡಲು ಮತ್ತೆ ಕಾಯ್ದು, 2024ರ ಮೇ ತಿಂಗಳಲ್ಲಿ ಹವಳ ವ್ಯಾಪಕವಾಗಿ ಬಿಳಿಚಿದ್ದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು.

ಈ ಹವಳಗಳನ್ನು ಅತಿ ದೀರ್ಘಕಾಲ ಕಣ್ಣಿಟ್ಟು ನೋಡಿದವರು ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು. ರೋಹನ್ ಆರ್ಥರ್ ಮತ್ತು ಜೊತೆಗಾರರು 1998ರಿಂದ ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳಲ್ಲಿ ಮುಳುಗಿ ಅಳತೆ ಮಾಡುತ್ತ ಬಂದಿದ್ದಾರೆ. 1998ರಲ್ಲಿ ಶೇಕಡಾ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ಕ್ಕೆ ಶೇಕಡಾ 19ಕ್ಕೆ ಇಳಿದಿದೆ ಎಂಬುದು ಅವರ ಲೆಕ್ಕ. ಹೆಚ್ಚುಕಡಿಮೆ ಅರ್ಧ. ಒಂದು ಬಿಸಿಗೂ ಮುಂದಿನ ಬಿಸಿಗೂ ನಡುವೆ ಸಾಕಷ್ಟು ವರ್ಷ ಸಿಕ್ಕರೆ ಹವಳ ಮತ್ತೆ ಚಿಗುರುತ್ತದೆ, ಅದನ್ನೂ ಅವರು ಕಂಡಿದ್ದಾರೆ. ಆ ಬಿಡುವೇ ಈಗ ಸಿಗುತ್ತಿಲ್ಲ.

ಜಗತ್ತಿನ ಹಲವು ಕಡೆ ಅಳೆದವರು ಹೇಳುವ ಪ್ರಕಾರ ಹವಳದ ದಿಬ್ಬ ಅಲೆಯ ಬಲದಲ್ಲಿ ಸರಾಸರಿ ಶೇಕಡಾ 97ರಷ್ಟನ್ನು ಹೀರಿಕೊಳ್ಳುತ್ತದೆ. ದಿಬ್ಬ ದುರ್ಬಲವಾದರೆ ಆ ಬಲವೆಲ್ಲ ದಂಡೆಗೆ ಬಡಿಯುತ್ತದೆ. ಬಂಗಾರಂ ಬಳಿಯ ಪರಳಿ-1 ಎಂಬ ಪುಟ್ಟ ದ್ವೀಪ ಪೂರ್ತಿ ಕೊರೆದುಹೋಗಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ನಲುಗಿಸಿತು. ಕೊರೆತ ತಡೆಯಲು ದಂಡೆಯುದ್ದಕ್ಕೂ ಕಾಂಕ್ರೀಟಿನ ನಾಲ್ಕುಕಾಲಿನ ಅಚ್ಚುಗಳನ್ನು ಪೇರಿಸಿದ್ದಾರೆ. ಅವಕ್ಕೆ ಬೇಕಾದ ಜಲ್ಲಿ, ಸಿಮೆಂಟು ನಮ್ಮ ಕಡೆಯಿಂದ ಹೋಗಬೇಕು. ಹವಳ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ದುಡ್ಡು ಸುರಿದು, ಅಷ್ಟು ಚೆನ್ನಾಗಿಯೂ ಅಲ್ಲದೆ, ಮಾಡಿಸಿಕೊಳ್ಳುವ ಕಾಲ ಬಂದಿದೆ.

ಹೀಗಿರುವಾಗ ಪ್ರವಾಸಿಗಳು ಎಷ್ಟು ಬರಬೇಕು, ಎಲ್ಲಿ ಉಳಿಯಬೇಕು ಎನ್ನುವ ಚರ್ಚೆ ಬಿಸಿಯೇರಿದೆ. 2024ರ ಜನವರಿಯಲ್ಲಿ ಪ್ರಧಾನಿಯವರು ಭೇಟಿ ಕೊಟ್ಟ ಬಳಿಕ ದೇಶದಾದ್ಯಂತ ಲಕ್ಷದ್ವೀಪಕ್ಕೆ ಹೋಗುವ ಆಸೆ ಹೆಚ್ಚಿತು. ಆಸೆ ತಪ್ಪಲ್ಲ. ದ್ವೀಪದ ಹುಡುಗರಿಗೆ ಕೆಲಸ ಬೇಕು, ಊರಿಗೆ ಆದಾಯ ಬೇಕು. ಆದರೆ ಲಗೂನಿನ ಮೇಲೆ ಮನೆಗಳ ಸಾಲು ಕಟ್ಟುವ ಮಾಲ್ಡೀವ್ಸಿನ ಮಾದರಿ ಇಲ್ಲಿಗೆ ಹೊಂದದು ಎಂಬುದು ನನ್ನ ದೃಢವಾದ ನಂಬಿಕೆ. ಮಾಲ್ಡೀವ್ಸಿಗೆ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ, ಜನವಿಲ್ಲದ ದ್ವೀಪವನ್ನು ಹೋಟೆಲಿಗೆ ಕೊಟ್ಟು ಊರನ್ನು ಬೇರೆ ಇಡಬಹುದು. ಇಲ್ಲಿ ಜನವಿಲ್ಲದ ದ್ವೀಪಗಳೆಂದರೆ ಸುಹೇಲಿಯಂಥ ಮೀನುಗಾರರ ತಾಣಗಳು, ಪಿಟ್ಟಿಯಂಥ ಕಡಲಹಕ್ಕಿಗಳ ತವರು. ಸುಪ್ರೀಂ ಕೋರ್ಟು 2012ರಲ್ಲಿ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ಒಂದು ತಜ್ಞ ಸಮಿತಿ ನೇಮಿಸಿತ್ತು. ನಮ್ಮ ಹೈಕೋರ್ಟಿನಲ್ಲಿ ಹಲವು ವರ್ಷ ನ್ಯಾಯ ಹೇಳಿದವರು ಅವರು. ಪ್ರತಿ ದ್ವೀಪಕ್ಕೂ ಅದರ ತಾಳಿಕೆ ನೋಡಿ ಯೋಜನೆ ಇರಬೇಕು, ಅಲ್ಲಿಯ ಚುನಾಯಿತ ಪಂಚಾಯತಿಗಳನ್ನು ಕೇಳಿಯೇ ಕೆಲಸ ನಡೆಯಬೇಕು ಎಂಬ ದಾರಿಯನ್ನು ಆ ಸಮಿತಿ ತೋರಿಸಿತು. ಆ ದಾರಿ ಬಿಟ್ಟು ನಡೆಯಬಾರದು.

ಕೇಳುಗರೇ, ಹೋಗುವವರು ಖಂಡಿತ ಹೋಗಿ. ಪ್ರವೇಶ ಪರವಾನಗಿ ಬೇಕು, ಮೊದಲೇ ಅರ್ಜಿ ಹಾಕಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕಡಲು ಒಳ್ಳೆಯದು. ಬಾಟಲಿ, ಪ್ಲಾಸ್ಟಿಕ್ ಪೊಟ್ಟಣ ಎಷ್ಟು ಒಯ್ದಿರೋ ಅಷ್ಟನ್ನೂ ವಾಪಸು ತನ್ನಿ, ಅಲ್ಲಿ ಎಸೆಯಲು ಜಾಗವಿಲ್ಲ. ಬಿಸಿಲಿಗೆ ಮುಲಾಮು ಬಳಿದುಕೊಂಡು ನೀರಿಗಿಳಿಯುವ ಬದಲು ತುಂಬುತೋಳಿನ ಅಂಗಿ ತೊಟ್ಟು ಇಳಿಯಿರಿ. ಸತ್ತ ಹವಳದ ಒಂದು ಚೂರನ್ನೂ ಚೀಲಕ್ಕೆ ಹಾಕಬೇಡಿ, ಕಾನೂನಿನ ಪ್ರಕಾರವೂ ಅದು ಅಪರಾಧ. ಮನೆಯವರ ಚಿತ್ರ ತೆಗೆಯುವ ಮುನ್ನ ಅವರನ್ನು ಕೇಳಿ. ಊರಿನವರದೇ ತಂಗುಮನೆ ಸಿಕ್ಕರೆ ಅಲ್ಲೇ ಉಳಿಯಿರಿ, ಬಾವಿಯ ನೀರನ್ನು ಅಳತೆಯಿಂದ ಬಳಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲಗೂನಿನಲ್ಲಿ ಹವಳ ಮುರಿಯುವುದು ಹೆಚ್ಚಾಗಿ ಕೆಡುಕಿನಿಂದಲ್ಲ, ಹೆದರಿಕೆಯಿಂದ. ಈಜು ಬಾರದವರು ನೀರಿನಲ್ಲಿ ಗಾಬರಿಯಾದ ಕೂಡಲೇ ಸಿಕ್ಕಿದ್ದರ ಮೇಲೆ ಕಾಲೂರಿ ನಿಲ್ಲುತ್ತಾರೆ. ಕಾಲಡಿಗೆ ಸಿಗುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರು ಬೆಳೆಯುವ ಕೊಂಬೆ. ಆದ್ದರಿಂದ ಟಿಕೆಟ್ಟು ಕಾದಿರಿಸುವ ಮೊದಲು ನಿಮ್ಮೂರಿನ ಕೆರೆಯಲ್ಲೋ ಕೊಳದಲ್ಲೋ ಬಲ್ಲವರ ಜೊತೆ ಇಳಿದು, ಕಾಲೂರದೆ ಹತ್ತು ನಿಮಿಷ ಮಕಾಡೆ ತೇಲುವುದನ್ನು ಕಲಿತುಕೊಳ್ಳಿ. ಮಕ್ಕಳಿಗೂ ಕಲಿಸಿ. ಅಷ್ಟು ಕಲಿತು ಹೋಗಿ.